ಎಕ್ಸ್‌ರೇಯಲ್ಲಿ ಕಾಣದ ಜಿರಳೆ

ದೇವರ ಹತ್ತಿರ ತಪ್ಪು ಒಪ್ಪಿಕೊಳ್ಳುವುದು ಸುಲಭ, ಆತ ಮರುಪ್ರಶ್ನೆ ಹಾಕುವುದಿಲ್ಲ. ಡಾಕ್ಟರು ಹಾಕುತ್ತಾರೆ. ಹಿಂದೊಮ್ಮೆ ಹೊಟ್ಟೆನೋವೆಂದು ಹೋದಾಗ ಹಲಸಿನ ಹಪ್ಪಳ ಎಷ್ಟು ತಿಂದಿರಿ ಎಂದು ಕೇಳಿದ್ದರು. 'ಎರಡು' ಎಂದಿದ್ದೆ. ನಿಂತುಕೊಂಡು ತಿಂದದ್ದನ್ನು ಸೇರಿಸಿರಲಿಲ್ಲ.

ಈ ಸಲ ಉಸಿರಿನ ತಾಪತ್ರಯ. ಬೆಳಿಗ್ಗೆ ಗಟ್ಟಿಯಾಗಿದ್ದವಳಿಗೆ ಸಂಜೆಯೊಳಗೆ ಒಣಕೆಮ್ಮು, ಎದೆಬಿಗಿತ, ಮೈಯೆಲ್ಲ ಬೆಚ್ಚಗೆ. ಮಾರನೆಯ ದಿನ ಸಾಗರದ ಬಸ್ಸಿಗೆಂದು ಹೊಸನಗರದ ಬಸ್‌ಸ್ಟ್ಯಾಂಡು ಮುಟ್ಟುವುದರೊಳಗೆ ಮೂರು ಕಡೆ ನಿಂತು ಏದುಸಿರು ಬಿಟ್ಟೆ. ಜೊತೆಗೆ ಬಂದವರು ಪಕ್ಕದ ಮನೆಯ ಶಾರದಕ್ಕ, ನಮ್ಮ ಭಜನಾ ಮಂಡಳಿಯ ಹಿರಿಯರು. ಇರುವೆ ಸಾಲನ್ನೂ ದಾಟಿಕೊಂಡು ನಡೆಯುವ ಸಾತ್ವಿಕರು. ಕಷ್ಟ ಶುರುವಾದದ್ದೇ ಅಲ್ಲಿ.

ಸಾಗರದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಎರಡೂ ಕಡೆ ಬಿಳಿ ಮಚ್ಚೆ.

"ಟಿ.ಬಿ.ನಾ ಡಾಕ್ಟ್ರೇ?" ಶಾರದಕ್ಕನೇ ಕೇಳಿದರು.

"ಚಿತ್ರದಲ್ಲಿ ಎಲ್ಲಾ ಅಣ್ಣತಮ್ಮಂದಿರ ಹಾಗೆ ಕಾಣ್ತವೆ ಅಮ್ಮ. ಟಿ.ಬಿ. ಆದ್ರೆ ವಾರಗಟ್ಟಲೆ ಸತಾಯ್ಸುತ್ತೆ. ನ್ಯುಮೋನಿಯಾ ಆದ್ರೆ ಸಾಮಾನ್ಯವಾಗಿ ಚಳಿಜ್ವರ, ಕಫ. ಆಸ್ತಮಾ ಆದ್ರೆ ಎದೇಲಿ ಸಿಳ್ಳೆ. ಇವ್ರಿಗೆ ಅರ್ಧ ದಿನದಲ್ಲಿ ಬಂದಿದೆ. ಹೊಗೆ, ಅಡಿಕೆ ಧೂಳು, ಸ್ಪ್ರೇ, ಏನಾದ್ರೂ ಒಳಗೆ ಹೋಯ್ತಾ?"

ಒಂದೇ ಮಚ್ಚೆಗೆ ಇಷ್ಟು ಜನ ವಾರಸುದಾರರೇ ಎಂದು ನನಗೆ ಬೆರಗಾಯಿತು. ಬಾಯಿ ಮಾತ್ರ "ಏನಿಲ್ಲ" ಎಂದಿತು.

"ಹಾಗಾದ್ರೆ ಗೊತ್ತಾಗೋ ತನಕ ಎಲ್ಲದಕ್ಕೂ ಹುಡುಕ್ಬೇಕು. ಉಸಿರು ಇನ್ನೂ ಇಳಿದ್ರೆ ಶಿವಮೊಗ್ಗಕ್ಕೆ ಕಳಿಸ್ತೀನಿ."

ಮರ್ಯಾದೆಗೂ ಉಸಿರಿರಬೇಕಲ್ಲ. "ಜಿರಳೆ ಸ್ಪ್ರೇ ಹೊಡ್ದೆ," ಎಂದೆ. "ನಿನ್ನೆ ಸಂಜೆ ಭಜನೆ ನಮ್ಮನೇಲಿತ್ತು. ಮಧ್ಯಾಹ್ನ ದೇವರ ಪಟದ ಹಿಂದೆ ಒಂದು ಕಾಣ್ತು."

"ಹೊಡೆದು ಹೊರಗೆ ಬಂದ್ರಾ?"

"ಇಲ್ಲ. ಕೊಂದ ಪಾಪ ಹೋಗ್ಲಿ ಅಂತ ಬಾಗಿಲು ಹಾಕ್ಕೊಂಡು ಅಲ್ಲೇ ಸಹಸ್ರನಾಮ ಹೇಳ್ದೆ."

ಬರೆಯುತ್ತಿದ್ದ ಪೆನ್ನು ನಿಂತಿತು. "ಪೂರ್ತಿ?"

"ಫಲಶ್ರುತಿ ಸಮೇತ."

"ಎಂತ ಮಾರಾಯ್ತಿ!" ಶಾರದಕ್ಕ ಹಣೆ ಚಚ್ಚಿಕೊಂಡರು. "ನಾನಾದ್ರೆ ಹೊಡೆದ್ ಕೂಡ್ಲೇ ಅಂಗಳಕ್ಕೆ ಓಡ್ತೀನಿ. ರಾಮ ರಾಮ ಅಲ್ಲೇ ಹೇಳಿದ್ರೂ ನಡೆಯುತ್ತೆ!"

ಕಫ, ರಕ್ತ ಪರೀಕ್ಷೆಗಳಲ್ಲಿ ಬೇರೆ ಯಾವ ಕಾಯಿಲೆಯೂ ಸಿಗಲಿಲ್ಲ. ಎರಡು ದಿನ ಆಕ್ಸಿಜನ್, ಒಂದಿಷ್ಟು ಮಾತ್ರೆ, ಶಾರದಕ್ಕನ ಗಂಜಿ, ಕಿಟಕಿ ಪಕ್ಕದ ಮಂಚ, ಎಲ್ಲ ಅವನ ಕೃಪೆ. ಮಲಗಿದಲ್ಲೇ ಯೋಚಿಸಿದೆ. ಹತ್ತನೆಯ ಹೆಸರಿಗೇ ಭಗವಂತ ನನ್ನನ್ನು ಕ್ಷಮಿಸಿದ್ದಿರಬೇಕು. 'ಸಾಕು ತಾಯಿ, ಎದ್ದು ಹೊರಗೆ ಹೋಗು' ಎನ್ನಲಿಕ್ಕೇ ಆ ಮೊದಲ ಕೆಮ್ಮು ಕಳಿಸಿದ್ದಿರಬೇಕು. ನಾನೋ ಗಂಟಲು ಸರಿಮಾಡಿಕೊಂಡು ದನಿ ಏರಿಸಿದ್ದೆ.