ಹಾಜರಿದ್ದೇನೆ, ಪಾಸ್ಟರ್

ಹೋದ ವರ್ಷ ಜೂನ್ ತಿಂಗಳ ಎರಡನೆಯ ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ, ದರ್ಜಿ ತೆರಿಯೊ ತನ್ನ ಅಂಗಡಿಯಲ್ಲಿ ಕೂತು ಪಾಸ್ಟರ್ ಪಾನಿಸಾ ಅವರ ಕೋಟಿಗೆ ಗುಂಡಿ ಹೊಲಿಯುತ್ತಿದ್ದ. ಅವನು ಮಾಡಿದ ತಪ್ಪು ಅಷ್ಟೇ.

ಅದೇ ಹೊತ್ತಿಗೆ ಹೊಸಬೆಳಕು ಕ್ರೈಸ್ತ ಪ್ರೌಢಶಾಲೆಯ ಸಭಾಂಗಣದಲ್ಲಿ ಪಾಸ್ಟರು ಕೋಟಿಲ್ಲದೆ ನಿಂತು ಪೋಷಕರ ಹಾಜರಿ ಕರೆದರು. ತೆರಿಯೊ ಮಗ್ಬನ್ವಾ ಎಂಬ ಹೆಸರಿಗೆ ಉತ್ತರ ಬರಲಿಲ್ಲ. ಸಭೆಯ ತುಂಬ ಬಿಡುಗಡೆಯ ನಿಟ್ಟುಸಿರು ಎದ್ದು, ಗೋಡೆಯ ಕ್ಯಾಲೆಂಡರಿನ ಹಾಳೆ ಅಲುಗಾಡಿತಂತೆ. ಆ ವರ್ಷದ ಸ್ವಯಂಸೇವಕ ಪೋಷಕರ ಮುಖ್ಯಸ್ಥ ಸಿಕ್ಕಿದ್ದ.

ಬಂಗಾಸಾನ್ ಎಂಬ ಆ ಊರಿನಲ್ಲಿ ಇದೇ ಪದ್ಧತಿ. ದೊಡ್ಡ ಕೆಲಸಕ್ಕೆ ತಾನಾಗಿ ಕೈ ಎತ್ತುವುದು ಜಂಬ. ಇನ್ನೊಬ್ಬರು ಹೆಸರು ಹೇಳಿದ ಕೂಡಲೇ ಒಪ್ಪಿಕೊಳ್ಳುವುದು ಅದಕ್ಕಿಂತ ದೊಡ್ಡ ಜಂಬ. ಹೀಗಾಗಿ ಸಭೆಗೆ ಬಂದವರೆಲ್ಲ “ನಾನೆಲ್ಲಿ, ಆ ಜವಾಬ್ದಾರಿ ಎಲ್ಲಿ” ಎಂದು ಮಧ್ಯಾಹ್ನದವರೆಗೂ ತಗ್ಗುತ್ತಲೇ ಇರುತ್ತಾರೆ. ಬಾರದವನು ಮಾತ್ರ ತಗ್ಗಲಾರ. ಆದ್ದರಿಂದ ಆರಂಭದ ಪ್ರಾರ್ಥನೆಗೆ ಆಮೆನ್ ಬೀಳುವುದರೊಳಗೆ ಯಾರು ಒಳಗಿರುವುದಿಲ್ಲವೋ ಅವರೇ ಮುಖ್ಯಸ್ಥರು. ಇಬ್ಬರು ಮೂವರು ಗೈರಾದರೆ ಚೀಟಿ ಎತ್ತುತ್ತಾರೆ. ಆಮೇಲೆ ಬಂದು ಬೇಡವೆನ್ನುವುದು ಯಾವ ಮರ್ಯಾದಸ್ಥನಿಂದಲೂ ಆಗದ ಮಾತು.

ಮುಖ್ಯಸ್ಥನೆಂದರೆ ಹಾರ ಹಾಕಿಸಿಕೊಳ್ಳುವವನಲ್ಲ. ಪರೀಕ್ಷೆಯ ವಾರವಿಡೀ ನಸುಕಿಗೇ ಎದ್ದು ಹಾಸ್ಟೆಲಿನ ಎಂಬತ್ತು ಮಕ್ಕಳಿಗೆ ಶುಂಠಿ, ಕೋಳಿ ಹಾಕಿದ ಗಂಜಿ ಬೇಯಿಸಬೇಕು. ನಡುಗುವವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಬೇಕು. ಪೆನ್ನು ಮರೆತವರಿಗೆ ಪೆನ್ನು, ಅಮ್ಮನನ್ನು ನೆನೆದು ಅಳುವವರಿಗೆ ಕರವಸ್ತ್ರ. ತೆರಿಯೊ ಇದನ್ನೆಲ್ಲ ಎಷ್ಟು ಚೆನ್ನಾಗಿ ಮಾಡಿದನೆಂದರೆ, ಗಣಿತದಲ್ಲಿ ಯಾವತ್ತೂ ಪಾಸಾಗದಿದ್ದ ಮಕ್ಕಳೂ ಪಾಸಾದರು. ಪುಣ್ಯವೆಲ್ಲ ಗಂಜಿಯದೆಂದು ಊರು ತೀರ್ಮಾನಿಸಿತು.

ಅದರಲ್ಲಿ ಅವನಿಗೆ ಬೇಸರವಿರಲಿಲ್ಲ. ಬೇಸರ ಬೇರೆಯದು. ಪರೀಕ್ಷೆ ಮುಗಿದ ಮರುದಿನ ಬೈಬಲ್ ವಚನಪಠಣದ ಸ್ಪರ್ಧೆ. ಮಗಳು ಜೆಮೀಮಾ ವೇದಿಕೆ ಹತ್ತಿ ಇಡೀ ಒಂದು ಅಧ್ಯಾಯವನ್ನು ತಡವರಿಸದೆ ಒಪ್ಪಿಸಿದಳು. ತೆರಿಯೊ ಆಗ ವೇದಿಕೆಯ ಹಿಂದಿನ ಅಡುಗೆಮನೆಯಲ್ಲಿ, ಮುಖ್ಯಸ್ಥನೇ ಮಾಡಬೇಕಾದ ಆ ದಿನದ ಊಟದ ಹಂಡೆಯನ್ನು ತಿರುವುತ್ತಿದ್ದ.

“ಪಾಪಾ, ಕೇಳಿಸ್ತಾ?” ಎಂದು ಅವಳು ಓಡಿಬಂದಿದ್ದಳು.

“ಚಪ್ಪಾಳೆ ಕೇಳಿಸ್ತು ಮಗಳೇ,” ಎಂದಿದ್ದ. ಅವಳ ಮುಖ ಹೊಲಿಗೆ ಬಿಟ್ಟ ಅಂಚಿನ ಹಾಗೆ ಇಳಿದದ್ದನ್ನು ಅವನು ಮರೆತಿರಲಿಲ್ಲ. ಈ ವರ್ಷ ಅವಳದು ಆ ಶಾಲೆಯಲ್ಲಿ ಕೊನೆಯ ವರ್ಷ. ಮೊದಲ ಸಾಲಿನಲ್ಲಿ, ನಡುವಿನ ಕುರ್ಚಿಯಲ್ಲಿ ಕೂತು ಕೇಳುತ್ತೇನೆಂದು ಮಾತು ಕೊಟ್ಟಿದ್ದ.

ಹೀಗಾಗಿ ಈ ಜೂನಿನ ಎರಡನೆಯ ಶನಿವಾರ ಅವನು ಐದು ಗಂಟೆಗೇ ಎದ್ದು, ಇಸ್ತ್ರಿ ಮಾಡಿದ ಬಿಳಿ ಬರೋಂಗ್ ಅಂಗಿ, ತಾನೇ ಹೊಲಿದ ಹೊಸ ಕಂದು ಪ್ಯಾಂಟು ತೊಟ್ಟು, ಬಾಗಿಲ ಬಳಿ ಮದುಮಗನಂತೆ ಕೂತಿದ್ದ.

“ಸಭೆ ಒಂಬತ್ತಕ್ಕೆ ಕಣ್ರೀ,” ಎಂದಳು ಹೆಂಡತಿ ಲೋಯ್ದಾ. “ಶಾಲೆ ಇರೋದು ಅರ್ಧ ಗಂಟೆ ದಾರಿ. ನೀವೇನು ಮನಿಲಾಗೆ ಹಡಗು ಹತ್ತೋರ ಥರ!”

“ನಿಂಗೊತ್ತಿಲ್ಲ. ಈ ಸಲ ಎಲ್ಲರೂ ನಾನು ಗೈರಾಗೋದನ್ನೇ ಕಾಯ್ತಿದ್ದಾರೆ. ಗಂಜಿ ರುಚಿ ಹತ್ತಿದೆ ಅವರಿಗೆ.”

ಒಳಗೆ ಕನ್ನಡಿಯ ಮುಂದೆ ಜಡೆ ಹಾಕಿಕೊಳ್ಳುತ್ತ ಜೆಮೀಮಾ ಪಠಣದ ಅಭ್ಯಾಸ ಮಾಡುತ್ತಿದ್ದಳು. ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ನೋಡಿಯೂ ಇಬ್ಬರು ಪಕ್ಕಕ್ಕೆ ಸರಿದು ಹೋದ, ಮೂರನೆಯವನು ನಿಂತು ಎತ್ತಿಕೊಂಡ ಕತೆ. ಅದನ್ನು ತಿಂಗಳಿಂದ ಕೇಳಿ ಕೇಳಿ, ತೆರಿಯೊಗೆ ಈಗ ಹೊಲಿಗೆ ಯಂತ್ರದ ಗಡಗಡದಲ್ಲೂ ಅದೇ ಲಯ ಕೇಳುತ್ತಿತ್ತು. ಅವಳು ಸಭೆಯಲ್ಲಿ ಹಾಡಲಿದ್ದ ಶಾಲೆಯ ಗಾಯನದವರ ಜೊತೆ ಏಳಕ್ಕೇ ಹೊರಟಳು. ಏಳೂವರೆಗೆ ಅವನೂ ಹೊರಟ.

ಇಪ್ಪತ್ತು ಹೆಜ್ಜೆ ಇಡುವುದರೊಳಗೆ ಎದುರುಮನೆಯ ಅಜ್ಜಿ ಕೊನ್ಸೊರ್ಸ್ಯಾ ಬೇಲಿಯ ಮೇಲಿಂದ ಕರೆದಳು. ಮೊಮ್ಮಗಳು ಅದೇ ಶಾಲೆಯವಳಾದ್ದರಿಂದ ಪಟ್ಟಿಯಲ್ಲಿ ಅಜ್ಜಿಯ ಹೆಸರೂ ಇತ್ತು.

“ಬಾರೋ ತೆರಿಯೊ, ತಿಂಡಿ ತಿನ್ನು!”

“ಆಯ್ತು ಅಜ್ಜಿ, ಹೊಟ್ಟೆ ತುಂಬಿದೆ.”

“ಅನ್ನ ಮುಂದಿಟ್ಟಾಗ ಮುಟ್ಟದೆ ಹೋದ್ರೆ ದಾರೀಲಿ ಏನಾದ್ರೂ ಆಗುತ್ತೆ ಅಂತಾರಪ್ಪ. ನಾನು ನಂಬಲ್ಲ. ನೀನೂ ನಂಬಬೇಡ. ಆದ್ರೆ ಮುಟ್ಟು.”

ತೆರಿಯೊ ನಂಬದೆಯೇ ಒಳಗೆ ಬಂದು ಪುತೋ ಇಡ್ಲಿಯನ್ನು ಬೆರಳ ತುದಿಯಿಂದ ಮುಟ್ಟಿದ. ಮುಟ್ಟಿದ ತಪ್ಪಿಗೆ ಎಳನೀರು ಬಂದಿತು, ಎಳನೀರಿನ ಹಿಂದೆಯೇ ಮೊಮ್ಮಗಳ ಶಾಲೆಯ ಲಂಗ ಬಂದಿತು.

“ಅಂಚು ಬಿಚ್ಚಿದೆ ನೋಡು. ನಿನ್ನ ಕಾಲರಲ್ಲಿ ಸೂಜಿ ಹೇಗೂ ಇದ್ದೇ ಇರುತ್ತಲ್ಲ. ಎರಡೇ ಹೊಲಿಗೆ.”

ಎರಡು ಹೊಲಿಗೆ ಸುತ್ತಳತೆಯಲ್ಲಿ ಎರಡು ಗಜವಾಯಿತು. ಅವನು ತಲೆಯೆತ್ತಿದಾಗ ಅಜ್ಜಿ ಆಗಲೇ ಸೂಜಿಯಷ್ಟು ಚೂಪಾದ ಚರ್ಚಿನ ಚಪ್ಪಲಿ ಮೆಟ್ಟಿ, ಕೊಡೆ ಹಿಡಿದು, ಗೇಟು ದಾಟುತ್ತಿದ್ದಳು.

“ನಿಧಾನವಾಗಿ ಮುಗಿಸಪ್ಪ, ಅವಸರ ಮಾಡ್ಬೇಡ! ನಾನು ಮುಂದೆ ಹೋಗಿರ್ತೀನಿ!”

ತೆರಿಯೊ ಸೂಜಿಯನ್ನು ಲಂಗದಲ್ಲೇ ಬಿಟ್ಟು ಓಡಿದ.

ಚರ್ಚಿನ ಮೂಲೆಯಲ್ಲಿ ಹಿರಿಯ ಡೀಕನ್ ಗಮಾಲ್ಯೆಲ್ ನಿಂತಿದ್ದರು. ಎಂಬತ್ತು ದಾಟಿದ ಸಾತ್ವಿಕ. ಮೋಸ ಅವರ ರಕ್ತದಲ್ಲಿರಲಿಲ್ಲ. ಪ್ರಾರ್ಥನೆ ಮಾತ್ರ ಇತ್ತು.

“ಓಡ್ತಾ ಇದೀಯಲ್ಲ ಮಗಾ, ಏನು ಕಷ್ಟ?”

“ಸಭೆಗೆ ಹೊತ್ತಾಯ್ತು ಡೀಕನ್. ಈ ಸಲ ನನ್ನ ಮೇಲೆ ಬೀಳಬಾರದು.”

“ಓ, ಹಾಗಾದ್ರೆ ಒಂದು ನಿಮಿಷ ಪ್ರಾರ್ಥಿಸೋಣ,” ಎಂದು ಡೀಕನ್ ಅವನ ಭುಜ ಹಿಡಿದು ಕಣ್ಣು ಮುಚ್ಚಿದರು.

ಡೀಕನ್ ಗಮಾಲ್ಯೆಲರ ಪ್ರಾರ್ಥನೆ ಸೃಷ್ಟಿಯಿಂದ ಆರಂಭವಾಗುತ್ತದೆ. ಪ್ರಳಯ ಇಳಿಯುವ ಹೊತ್ತಿಗೆ ತೆರಿಯೊ ಒಂದು ಕಣ್ಣು ತೆರೆದು ಚರ್ಚಿನ ಗಡಿಯಾರ ನೋಡಿದ: ಎಂಟು ಇಪ್ಪತ್ತು. ಆಫ್ರಿಕದ ಮಿಷನರಿಗಳು, ಇಲೊಯಿಲೊ ಆಸ್ಪತ್ರೆಯ ರೋಗಿಗಳು, ತಮ್ಮ ಮಂಡಿನೋವು, ನಾಪತ್ತೆಯಾದ ಹುಂಜ ಎಲ್ಲವನ್ನೂ ದಾಟಿ ಡೀಕನ್ ತೆರಿಯೊನ ಹೆಸರಿಗೆ ಬಂದಾಗ ಎಂಟೂ ಮೂವತ್ತೆಂಟು.

“ದೇವರೇ, ಈ ನಿನ್ನ ದಾಸನನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸು.”

“ಆಮೆನ್!” ಎಂದು ತೆರಿಯೊ ಊರಿಗೇ ಕೇಳುವಂತೆ ಕೂಗಿ ಮತ್ತೆ ಓಟ ಕಿತ್ತ.

ಶಾಲೆಯ ಗಂಟೆಗೋಪುರ ಕಾಣುವ ತಿರುವಿನಲ್ಲಿ ಬೆರ್ನಾಬೆಯ ಬಾಡಿಗೆ ಟ್ರೈಸಿಕಲ್ ನಿಂತಿತ್ತು. ನಿಂತಿತ್ತು ಎನ್ನುವುದು ಸರಿಯಲ್ಲ. ಬೈಕು ರಸ್ತೆಯ ಮೇಲಿತ್ತು, ಅದರ ಪಕ್ಕಕ್ಕೆ ಜೋಡಿಸಿದ ಸವಾರರ ತೊಟ್ಟಿಲು ಗದ್ದೆಯ ಕೆಸರಿನಲ್ಲಿತ್ತು, ಬೆರ್ನಾಬೆ ಎರಡರ ನಡುವೆ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಅವನ ಹಿರಿಯ ಮಗಳು ಎಂಟನೆಯ ತರಗತಿ. ಮನೆಯಲ್ಲಿ ಹೆಂಡತಿ ಹದಿನೈದು ದಿನದ ಹಿಂದೆಯಷ್ಟೇ ಅವಳಿಗಳನ್ನು ಹೆತ್ತಿದ್ದಳು.

“ತೆರಿಯೊ ಅಣ್ಣಾ! ನಿನ್ನನ್ನ ದೇವರೇ ಕಳಿಸಿದ. ಒಂದು ಕೈ ಹಾಕಣ್ಣ!”

“ಗಾಡಿ ಬಿಟ್ಟು ನಡ್ಕೊಂಡು ಬಾರೋ ಮಾರಾಯ, ಎಂಟು ನಿಮಿಷ ಉಳಿದಿದೆ!”

“ಬಿಟ್ಟು ಬಂದ್ರೆ ಕಾಲುವೆ ನೀರಿಗೆ ಮುಳುಗೇ ಹೋಗುತ್ತೆ. ಹೊಟ್ಟೆಪಾಡು ಇದೊಂದೇ ಅಲ್ವಾ. ಗೈರಾದ್ರೆ ನನ್ನ ಮುಖ್ಯಸ್ಥ ಮಾಡ್ತಾರೆ. ನಸುಕಿಗೆ ಎದ್ದು ಗಂಜಿ ಮಾಡಿ, ಹಗಲಿಡೀ ಗಾಡಿ ಓಡಿಸಿ, ಅವಳಿ ಮಕ್ಕಳನ್ನ ತೂಗ್ತಾ… ಸತ್ತೇಹೋಗ್ತೀನಿ ಅಣ್ಣ!”

ತೆರಿಯೊನ ತಲೆಯಲ್ಲಿ ಒಂದು ದೀಪ ಹತ್ತಿತು. ಬೆರ್ನಾಬೆ ಗೈರಾದರೆ ಮುಖ್ಯಸ್ಥ ಬೆರ್ನಾಬೆಯೇ. ಮೊದಲ ಸಾಲು, ನಡುವಿನ ಕುರ್ಚಿ. ಇದು ದೇವರ ಏರ್ಪಾಡೇ ಇರಬೇಕು. “ಪಾಪ, ದೇವರು ಬಲ ಕೊಡ್ಲಿ ತಮ್ಮಾ,” ಎಂದವನೇ ರಸ್ತೆಯ ಆ ಪಕ್ಕಕ್ಕೆ ಸರಿದು ಮುಂದೆ ನಡೆದ.

ಹತ್ತು ಹೆಜ್ಜೆ ಇಟ್ಟಿರಬಹುದು. ಕಾಲು ತಾನಾಗಿ ಲಯ ಹಿಡಿಯಿತು, ಲಯದ ಮೇಲೆ ಮಾತು ಕೂತಿತು, ಮಾತು ಮಗಳದು. ಪಕ್ಕಕ್ಕೆ ಸರಿದು ಹೋದ ಇಬ್ಬರಲ್ಲಿ ತಾನು ಎಷ್ಟನೆಯವನು ಎಂದು ಅವನು ನಿಂತು ಯೋಚಿಸಿದ. ಯೋಚಿಸಿದ್ದೇ ತಪ್ಪಾಯಿತು.

“ಥೂ, ಈ ಹುಡುಗಿ ಇನ್ನೊಂದು ಅಧ್ಯಾಯ ಬಾಯಿಪಾಠ ಮಾಡಬಾರದಿತ್ತಾ!” ಎಂದು ಗೊಣಗಿಕೊಂಡೇ ಹಿಂದಿರುಗಿ, ಬರೋಂಗಿನ ತೋಳು ಮಡಚಿ ಗದ್ದೆಗಿಳಿದ.

“ಒಂದು, ಎರಡು, ಮೂರು!” ಮೊದಲ ಸಲಕ್ಕೆ ಕೆಸರು ಅಲುಗಿತು. ಎರಡನೆಯ ಸಲಕ್ಕೆ ತೊಟ್ಟಿಲು ಎದ್ದಿತು. ಮೂರನೆಯ ಸಲಕ್ಕೆ ಗಾಡಿ ರಸ್ತೆಗೆ ಹಾರಿತು. ಅದೇ ಗಳಿಗೆಯಲ್ಲಿ ತೆರಿಯೊನ ಬೆನ್ನ ಹಿಂದೆ, ಸೊಂಟದ ಕೆಳಗೆ, ಬಾಳೆಲೆ ಸೀಳಿದ ಸದ್ದಾಯಿತು. ಇಪ್ಪತ್ತಾರು ವರ್ಷ ಊರಿಗೆಲ್ಲ ಪ್ಯಾಂಟು ಹೊಲಿದವನು ಅವನು. ಆ ಸದ್ದಿನ ಉದ್ದ ಎಷ್ಟಿಂಚು ಎಂದು ತಿರುಗಿ ನೋಡಬೇಕಾಗಿರಲಿಲ್ಲ. ಹನ್ನೊಂದು. ಕೈ ಕಾಲರಿಗೆ ಹೋಯಿತು. ಸೂಜಿ ಅಜ್ಜಿಯ ಮನೆಯಲ್ಲಿತ್ತು.

“ಹತ್ತಣ್ಣಾ, ಹಾರಿಸ್ಬಿಡ್ತೀನಿ!” ಎಂದ ಬೆರ್ನಾಬೆ.

ಸಭಾಂಗಣದ ಬಾಗಿಲ ಮೇಲೆ ಮಕ್ಕಳು ಬರೆದ ಬಟ್ಟೆಯ ಬ್ಯಾನರು ಗಾಳಿಗೆ ಹಾರಾಡುತ್ತಿತ್ತು: “ಸೇವೆಗೆ ಸದಾ ಸಿದ್ಧ.” ಒಳಗೆ ಪಾಸ್ಟರ್ ಪಾನಿಸಾ ಪ್ರಾರ್ಥನೆಯ ಕೊನೆಯ ಸಾಲಿನಲ್ಲಿದ್ದರು. ಇಬ್ಬರೂ ಬಾಗಿಲಿಂದ ಹಾರಿ, ಕೊನೆಯ ಬೆಂಚಿನ ಮೇಲೆ ಕುಕ್ಕರಿಸಿದರು.

“ಆಮೆನ್,” ಎಂದರು ಪಾಸ್ಟರು.

“ಆಮೆನ್!” ಎಂದು ಏದುಸಿರಿನಲ್ಲಿ ತೆರಿಯೊ ಅಂದದ್ದು ಎಲ್ಲರಿಗಿಂತ ಗಟ್ಟಿಯಾಗಿತ್ತು. ಮುಂದಿನ ಬೆಂಚಿನಿಂದ ಕೊನ್ಸೊರ್ಸ್ಯಾ ಅಜ್ಜಿ ತಿರುಗಿ, ನೆತ್ತಿಯಿಂದ ಕಾಲಿನವರೆಗೆ ನೋಡಿದಳು.

“ಏನೋ ಇದು, ಎಮ್ಮೆ ಜೊತೆ ಮಲಗಿದ್ಯಾ?”

“ನಿಮ್ಮ ಆಶೀರ್ವಾದ ಅಜ್ಜಿ.”

ಹಾಜರಿ ಶುರುವಾಯಿತು. ಒಂದೊಂದು ಹೆಸರಿಗೂ ಒಂದೊಂದು ದನಿ ಎದ್ದಿತು. ಕಾಲು ಮುರಿದವನು ಊರುಗೋಲಿನಲ್ಲಿ ಬಂದಿದ್ದ; ಜ್ವರದವಳು ಕಂಬಳಿ ಹೊದ್ದು ಬಂದಿದ್ದಳು; ಹಡಗಿನಲ್ಲಿ ಕೆಲಸ ಮಾಡುವವನೊಬ್ಬ ರಜೆ ಹಾಕಿ ಬಂದಿದ್ದ. ತೆರಿಯೊನಂತೆ ಗಂಜಿ ಮಾಡಬೇಕಾದೀತೆಂಬ ಭಯ ಎಲ್ಲರನ್ನೂ ಎಬ್ಬಿಸಿಕೊಂಡು ಬಂದಿತ್ತು.

“ತೆರಿಯೊ ಮಗ್ಬನ್ವಾ?”

“ಹಾಜರಿದ್ದೇನೆ, ಪಾಸ್ಟರ್!” ವರ್ಷವಿಡೀ ಬಾಯಲ್ಲಿಟ್ಟುಕೊಂಡಿದ್ದ ಮಾತು. ಅವನು ಬೆನ್ನ ಹಿಂದೆ ನಿಂತಿದ್ದ ಗಾಯನದವರತ್ತ ತಿರುಗಿದಾಗ ಅವರ ನಡುವಿನಿಂದ ಜೆಮೀಮಾ ನಕ್ಕಳು. ಅವನು ಮೊದಲ ಸಾಲಿನ ನಡುವಿನ ಕುರ್ಚಿಯನ್ನು ಕಣ್ಣಲ್ಲೇ ತೋರಿಸಿದ.

ಬೆರ್ನಾಬೆಯೂ ಹಾಜರೆಂದ. ಪಟ್ಟಿ ಮುಗಿಯಿತು. ಪಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

“ಪ್ರಿಯರೇ, ಶಾಲೆ ಶುರುವಾಗಿ ಮೂವತ್ತೊಂದು ವರ್ಷ. ಒಬ್ಬರೂ ಗೈರಾಗದ ಸಭೆ ಇದೇ ಮೊದಲು.” ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುತ್ತ ನಿಲ್ಲುತ್ತ ಒಬ್ಬೊಬ್ಬರಿಗೂ ಒಂದೇ ಯೋಚನೆ ಬಂದಿತು: ಹಾಗಾದರೆ ಗಂಜಿ ಯಾರು ಬೇಯಿಸುವುದು?

ಪಾಸ್ಟರು ಮೇಜಿನ ಖಾನೆಯಿಂದ ಗೆದ್ದಲು ಮುಟ್ಟಿದ ಹಳೆಯ ನಿಯಮದ ಪುಸ್ತಕ ತೆಗೆದು ಹಾಳೆ ತಿರುವಿದರು. ಒಂದು ಕಡೆ ಬೆರಳಿಟ್ಟರು. ಮುಖ ಅರಳಿತು.

“ಇಲ್ಲಿದೆ. ‘ಯಾರೂ ಗೈರಾಗದಿದ್ದಲ್ಲಿ, ಮುಂದೊಬ್ಬರು ಗೈರಾಗುವವರೆಗೆ ಹಿಂದಿನ ಮುಖ್ಯಸ್ಥರೇ ಮುಂದುವರಿಯತಕ್ಕದ್ದು.’”

ಎಂಬತ್ತು ಕಣ್ಣುಗಳು ಕೊನೆಯ ಬೆಂಚಿನ ಕೆಸರಿನ ಮನುಷ್ಯನತ್ತ ತಿರುಗಿದವು. ತೆರಿಯೊ ನಿಧಾನವಾಗಿ ಬೆರ್ನಾಬೆಯತ್ತ ತಿರುಗಿದ. ಬೆರ್ನಾಬೆಗೆ ಇನ್ನೂ ಏನೂ ಹೊಳೆದಿರಲಿಲ್ಲ. ಅವನು ಎದ್ದುನಿಂತು ಎದೆತುಂಬಿ ಸಾರಿದ:

“ಇವರೇ ಆಗ್ಬೇಕು ಪಾಸ್ಟರ್! ಇವತ್ತು ಈ ಅಣ್ಣ ಇಲ್ದಿದ್ರೆ ನಾನೂ ಗೈರೇ!”

“ಗೊತ್ತಾಯ್ತು, ಕೂತ್ಕೊಳೋ,” ಎಂದ ತೆರಿಯೊ, ಹಲ್ಲಿನ ಸಂದಿಯಿಂದ.

“ತೆರಿಯೊ ಸಹೋದರರಿಗೆ ಒಪ್ಪಿಗೆಯಿಲ್ಲ ಅಂದ್ರೆ ಬಲವಂತ ಇಲ್ಲ,” ಎಂದರು ಪಾಸ್ಟರು ಮೃದುವಾಗಿ. “ಆಕ್ಷೇಪಣೆ ಇದ್ದರೆ ಎದ್ದು ನಿಂತು ಹೇಳಬಹುದು. ಅದೂ ನಿಯಮದಲ್ಲೇ ಇದೆ.”

ಎದ್ದು ನಿಲ್ಲಬೇಕು. ಹಿಂದೆ ಗೋಡೆಯಿದ್ದರೆ ನಿಲ್ಲಬಹುದಿತ್ತು. ಹಿಂದೆ ಗಾಯನದ ಮಕ್ಕಳ ಮೂರು ಸಾಲಿತ್ತು. ಹನ್ನೊಂದು ಇಂಚು. ತೆರಿಯೊ ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದ, ಅರ್ಧ ಇಂಚು ಎದ್ದ, ಹಿಂದಿನಿಂದ ತಣ್ಣನೆಯ ಗಾಳಿ ಒಳಗೆ ಬಂದಿತು, ಮತ್ತೆ ಕೂತ.

“ನೋಡಿ,” ಎಂದು ಪಾಸ್ಟರು ಕರವಸ್ತ್ರ ಹುಡುಕಿದರು. “ಹೊಗಳಿಕೆಗೆ ಎದ್ದು ನಿಲ್ಲದ ವಿನಯ ಇದು. ಮಕ್ಕಳೇ, ಕಲೀರಿ.”

ಅಜ್ಜಿ ಬಾಗಿ ಪಿಸುಗುಟ್ಟಿದಳು: “ಈ ಸಲ ಶುಂಠಿ ಸ್ವಲ್ಪ ಕಮ್ಮಿ ಹಾಕಪ್ಪ. ಖಾರ ಆಗಿತ್ತು.”

ಸಭೆ ಕರಗಿತು. ಬಂದವರೆಲ್ಲ ಕೈಕುಲುಕಿ ಹೋದರು. ತೆರಿಯೊ ಕೂತೇ ಕುಲುಕಿದ. ಕೊನೆಗೆ ಉಳಿದವಳು ಜೆಮೀಮಾ.

“ಸೂಜಿ ಇದೆಯಾ ಮಗಳೇ?”

ಅವಳು ಹಿಂದಿನಿಂದ ಒಮ್ಮೆ ಇಣುಕಿ, ಬಾಯಿ ಮುಚ್ಚಿಕೊಂಡು, ಕುರ್ಚಿ ಹತ್ತಿ ಬಾಗಿಲ ಮೇಲಿನ ಬ್ಯಾನರು ಬಿಚ್ಚಿ ತಂದಳು. ಲುಂಗಿಯಂತೆ ಅವನ ಸೊಂಟಕ್ಕೆ ಸುತ್ತಿ ಗಂಟು ಹಾಕಿದಳು.

“ಮೊದಲ ಸಾಲು ಅಂದಿದ್ದೆ,” ಎಂದ ಅವನು ನೆಲ ನೋಡುತ್ತ. “ಮತ್ತೆ ಅಡುಗೆಮನೆಯೇ ಆಯ್ತಲ್ಲ ಮೀಮಾ.”

“ಗದ್ದೆ ವಿಷಯ ಬೆರ್ನಾಬೆ ಮಾವ ಆಗ್ಲೇ ನಮ್ಮ ಗಾಯನದವರಿಗೆಲ್ಲ ಹೇಳ್ಬಿಟ್ರು ಪಾಪಾ. ಹತ್ತು ಹೆಜ್ಜೆ ಮುಂದೆ ಹೋಗಿ ವಾಪಸ್ ಬಂದ್ರಂತೆ.” ಅವಳು ಗಂಟನ್ನು ಇನ್ನೊಮ್ಮೆ ಬಿಗಿದಳು. “ಅಡುಗೆಮನೆ ಕಿಟಕಿ ವೇದಿಕೆ ಹಿಂದೇನೇ ಇರೋದು. ಹೋದ ವರ್ಷ ಹೊಗೆ ಅಂತ ಮುಚ್ಚಿದ್ರು. ಈ ಸಲ ತೆಗ್ಸಿಡ್ತೀನಿ, ಗಟ್ಟಿಯಾಗೇ ಹೇಳ್ತೀನಿ. ನಿಮಗೆ ನನ್ನ ಜಡೆ ಒಂದೇ ಕಾಣೋದು. ಆಗಬಹುದಾ?”

ತೆರಿಯೊ ಅವಳ ಜಡೆಯ ಉದ್ದವನ್ನು ಗೇಣಿನಲ್ಲಿ ಅಳೆದ. ಆಮೇಲೆ, “ಜಡೆಗೆ ಒಳ್ಳೆ ರಿಬ್ಬನ್ ಹೊಲಿದು ಕೊಡ್ತೀನಿ,” ಎಂದ.

ಅಪ್ಪ ಮಗಳು ಬಿಸಿಲಿನಲ್ಲಿ ಮನೆಯತ್ತ ನಡೆದರು. ಚರ್ಚಿನ ಮೂಲೆಯಲ್ಲಿ ಡೀಕನ್ ಗಮಾಲ್ಯೆಲ್ ಇನ್ನೂ ನಿಂತಿದ್ದರು.

“ಹೊತ್ತಿಗೆ ಸರಿಯಾಗಿ ಮುಟ್ಟಿದ್ಯಾ ಮಗಾ?”

“ಮುಟ್ಟಿದೆ ಡೀಕನ್,” ಎಂದು ತೆರಿಯೊ ತಲೆಬಾಗಿ ಮುಂದೆ ಸಾಗಿದ. ಮುದುಕರು ಕಣ್ಣು ಕಿರಿದಾಗಿಸಿ, ದೂರವಾಗುತ್ತಿದ್ದ ಆ ಬೆನ್ನಿನ ಕೆಳಗೆ ದೊಡ್ಡ ಕೆಂಪಕ್ಷರಗಳಲ್ಲಿ ಬರೆದಿದ್ದನ್ನು ಮೆಲ್ಲನೆ ಓದಿಕೊಂಡರು: “ಸೇವೆಗೆ ಸದಾ ಸಿದ್ಧ.”

ಅವರು ಕೈಮುಗಿದು ಮತ್ತೆ ಸೃಷ್ಟಿಯಿಂದ ಶುರು ಮಾಡಿದರು.