ಮಾಪಣ್ಣನ ಪಡಸಾಲೆಗೆ ಜಾಫ್ರಿ

ಕಲಬುರಗಿಯ ಆ ಗಲ್ಲಿಯಲ್ಲಿ ಉರ್ದು ಮಾತಾಡುವವರು ಬಹಳ ಮಂದಿ, ಓದುವವನು ಕಚೇರಿಯ ಗುಮಾಸ್ತ ಮಾಪಣ್ಣ ಒಬ್ಬನೇ. ನಿಜಾಮರ ಸರ್ಕಾರದ ಕಾಗದವೆಲ್ಲ ಉರ್ದುವಿನಲ್ಲಿ. ಹಾಗಾಗಿ ಶುಕ್ರವಾರ ಕಚೇರಿಗೆ ರಜೆ ಬಂದರೆ ಮಾಪಣ್ಣನ ಪಡಸಾಲೆಯೇ ಕಚೇರಿ. ಒಳಮನೆ ಬಿಸಿಲಿಗೆ ಕಾದ ಹಂಚು, ಪಾಪ ಅಲ್ಲಿ ಮಲಗಲಾರ. ಪಡಸಾಲೆಯಲ್ಲಿ ಕಣ್ಣು ಮುಚ್ಚಿದನೋ, ಯಾರಾದರೊಬ್ಬ ಬಂದು ಭುಜ ಅಲುಗಾಡಿಸಿ, "ಮಲಗೀರೇನ್ರೀ?" ಎಂದು ಕೇಳುತ್ತಿದ್ದ.

ಮಾಪಣ್ಣನಿಗೆ ಬೇಕಾದದ್ದು ಸ್ವರ್ಗವಲ್ಲ, ವಾರಕ್ಕೊಂದು ಮಧ್ಯಾಹ್ನದ ನಿದ್ದೆ. ಪಡಸಾಲೆಗೆ ಒಂದು ಮರೆ ಕಟ್ಟಿಸಿದರೆ ಒಳಗೆ ಗಾಳಿಯೂ ಬರುತ್ತದೆ, ಹೊರಗಿನವರಿಗೆ ತಾನೂ ಕಾಣುವುದಿಲ್ಲ ಎಂದು ಲೆಕ್ಕ ಹಾಕಿದ. ಬುದ್ಧಿವಂತನೇ. ಆದರೆ ಬುದ್ಧಿವಂತಿಕೆಯನ್ನು ಗುರುವಾರ ಸಂಜೆ ಹೆಂಡತಿ ಶಂಕ್ರಮ್ಮನಿಗೆ ಬೀದಿಗೆ ಕೇಳುವ ಹಾಗೆ ಹೇಳಿದ. ಶುಕ್ರವಾರ ಬೆಳಗಾಗುವಷ್ಟರಲ್ಲಿ ಅಕ್ಕಪಕ್ಕದ ಎರಡು ಮನೆಯ ಪಂಡಿತರು ಹಾಜರಾಗಿದ್ದರು.

ಎಡಮನೆಯ ಕಲ್ಯಾಣಪ್ಪ ಅರಿವೆ ವ್ಯಾಪಾರಿ. ಮನೆ ಕಟ್ಟುವ ವಿಷಯದಲ್ಲಿ ಅವನಿಗೆ ಗೊತ್ತಿದ್ದದ್ದು ಅರಿವೆ ಮಾತ್ರ. "ದಪ್ಪನ್ನ ಪರದೆ ಹಾಕಸ್ರಿ. ನಮ್ಮ ಅಂಗಡ್ಯಾಗ ಅದ."

"ಪರದೆ?" ಬಲಮನೆಯ ಲಾಲ್ ಅಹ್ಮದ್ ನಕ್ಕ. ಪಿಂಚಣಿ ಪಡೆದ ಜಮಾದಾರ, ಈಗ ಹುಕುಂ ಮಾಡಲು ಸಿಪಾಯಿಗಳಿಲ್ಲದೆ ನೆರೆಯವರಿಗೆ ಮಾಡುತ್ತಿದ್ದ. "ಇಲ್ಲೇನು ನಾಟಕ ಆಡಸ್ತೀರಿ? ದರ್ಗಾದಾಗ ಇರ್ತದಲ್ಲ, ಕಂಡಿ ಕಂಡಿ ಕಲ್ಲಿನ ಜಾಲಿ, ಅದನ್ನ ಕೂಡಸ್ರಿ ಸಾಬ್. ಸಾವಿರ ವರ್ಷ ಬರ್ತದ."

"ಮಾಪಣ್ಣ ಇನ್ನಾ ಜೀವಂತ ಅದಾನ್ರೀ! ಈಗೇ ಗೋರಿ ಯಾಕ?" ಎಂದ ಕಲ್ಯಾಣಪ್ಪ.

"ನಾನು ತಂತಿ ಜಾಲಿ ಅಂತ..." ಮಾಪಣ್ಣ ಬಾಯಿ ತೆರೆದ.

"ತೌಬಾ! ಕೋಳಿ ಸಾಕ್ತೀರೇನು?" ಎಂದು ಇಬ್ಬರೂ ಒಟ್ಟಿಗೆ ಅವನ ಬಾಯಿ ಮುಚ್ಚಿಸಿದರು.

ಇವರ ಕೈಯಿಂದ ಪಾರಾಗಲು ಅವನಿಗೆ ತೋಚಿದ್ದು ಕಮಲಾಪುರ. ಅಲ್ಲಿ ಶಂಕ್ರಮ್ಮನ ಸೋದರಮಾವ ದೌಲಪ್ಪ ಬಡಿಗತನ ಮಾಡುತ್ತಿದ್ದ, ಕಟ್ಟಿಗೆಯ ಪಟ್ಟಿಗಳನ್ನು ಕಂಡಿ ಕಂಡಿಯಾಗಿ ಹೆಣೆದ ಜಾಫ್ರಿಗಳನ್ನು ಸಿದ್ಧ ಇಟ್ಟಿರುತ್ತಿದ್ದ. ಮಾಪಣ್ಣ ಕಳ್ಳನ ಹಾಗೆ ಹಿತ್ತಲಿನಿಂದ ಜಾರಿ, ಆ ದಾರಿಯಲ್ಲಿ ಹೋಗುವ ಹುಮನಾಬಾದಿನ ಮೋಟಾರು ಹತ್ತಿ ಕಣ್ಣು ಮುಚ್ಚಿದ. ಯಾರೋ ಭುಜ ಅಲುಗಾಡಿಸಿದರು.

"ಮಲಗೀರೇನ್ರೀ?" ಕಲ್ಯಾಣಪ್ಪ ಕೇಳಿದ. "ಸ್ವಲ್ಪ ಸರೀರಿ. ಜಮಾದಾರ ಸಾಹೇಬ್ರೂ ಬಂದಾರ."

"ಒಬ್ಬರನ್ನ ಹ್ಯಾಂಗ ಕಳಸೋದು?" ಎಂದ ಲಾಲ್ ಅಹ್ಮದ್. "ನಿಮಗ ಕಟ್ಟಿಗಿ ಏನ್ ಗೊತ್ತದ?"

ಅವರಿಗೆ ಗೊತ್ತಿದ್ದದ್ದು ಕಮಲಾಪುರದಲ್ಲಿ ಕಾಣಿಸಿತು. ಮೊದಲು ಮಾಪಣ್ಣನ ಖರ್ಚಿನಲ್ಲಿ ಒಂದು ಗೊನೆ ಕೆಂಬಾಳೆ ಮುಗಿಯಿತು. ಆಮೇಲೆ ಮಾಪಣ್ಣ ಗಾಳಿಗೆಂದು ದೊಡ್ಡ ಕಂಡಿಯ ಬೇವಿನ ಜಾಫ್ರಿಯನ್ನು ಆರಿಸಿಕೊಂಡ. ಲಾಲ್ ಅಹ್ಮದ್ ಅದರ ಹಿಂದೆ ಹೋಗಿ ಕೂತ. ಕಲ್ಯಾಣಪ್ಪ ರಸ್ತೆಗೆ ಇಳಿದು, ಕಣ್ಣು ಕಿರಿದು ಮಾಡಿ ನೋಡಿದ.

"ಕಾಣ್ತೀರಿ! ಮೀಸಿ ಸುದ್ಧಾ ಕಾಣ್ತದ!"

ಎರಡನೆಯದರ ಹಿಂದೆ ಕಲ್ಯಾಣಪ್ಪ ಕೂತ. "ಹೊಟ್ಟಿ ಕಾಣ್ತದ!" ಎಂದು ಲಾಲ್ ಅಹ್ಮದ್ ರಸ್ತೆಯಿಂದ ಕೂಗಿದ. ಊರ ಮಂದಿ ನೆರೆದರು. ಇಬ್ಬರು ಮುದಿ ಗಂಡಸರು ಕಣ್ಣಾಮುಚ್ಚಾಲೆ ಆಡುವುದನ್ನು ಕಮಲಾಪುರ ಅಲ್ಲಿಯತನಕ ಕಂಡಿರಲಿಲ್ಲ. ಮಾಪಣ್ಣ ನಾಚಿಕೆಯಿಂದ ಬಾಳೆಸಿಪ್ಪೆ ಎಣಿಸುತ್ತಾ ನಿಂತ.

ಕೊನೆಗೆ ಸಣ್ಣ ಕಂಡಿಯ ಸಾಗವಾನಿ ಜಾಫ್ರಿ ಬಂತು. ಬೆಳಗಿನಿಂದ ನಾಯಿ ಬೆಕ್ಕಿನ ಹಾಗೆ ಕಚ್ಚಾಡಿದ್ದ ಇಬ್ಬರೂ, "ಇದಽ ಆಗಬೇಕು!" ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಗಲ್ಲಿಯ ಕಡೆಗೆ ಒಂದು ಬಗಲ ಬಾಗಿಲೂ ಬೇಕು, ಕೆಳಗೆ ತಣ್ಣನೆಯ ಶಹಾಬಾದ ಕಲ್ಲಿನ ಫರಸಿಯೂ ಬೇಕು ಎಂದು ಕೂಡಿಸಿದರು.

"ಒಬ್ಬ ಮಲಗಾಕ ಬಗಲ ಬಾಗ್ಲ ಯಾಕಪಾ?" ದೌಲಪ್ಪ ಕೇಳಿದ.

"ಗಾಳಿ ಬರಾಕ," ಎಂದ ಕಲ್ಯಾಣಪ್ಪ, ಬೇರೆಲ್ಲೋ ನೋಡುತ್ತಾ.

ಮೂರ್ಖ ಮಾಪಣ್ಣನಿಗೆ ಕಣ್ಣಲ್ಲಿ ನೀರು ಬಂತು. ತನ್ನ ನಿದ್ದೆಗಾಗಿ ನೆರೆಯವರು ಇಷ್ಟೊಂದು ಒದ್ದಾಡುತ್ತಿದ್ದಾರಲ್ಲ! ಅದೇ ಸಂತೋಷದಲ್ಲಿ ಮೋಟಾರಿನ ನೆತ್ತಿಯ ಮೇಲೆ ಜಾಫ್ರಿಗಳನ್ನು ತಬ್ಬಿಕೊಂಡು ಕೂತು, ಕಲಬುರಗಿಯತನಕ ಧೂಳು ಕುಡಿದ. ಪಂಡಿತರು ಒಳಗೆ ಮೆತ್ತನೆಯ ಸೀಟಿನಲ್ಲಿ ಗೊರಕೆ ಹೊಡೆದರು.

ಜೊತೆಗೆ ಬಂದ ದೌಲಪ್ಪ ಹೊತ್ತು ಇಳಿಯುವ ಮೊದಲೇ ಜಾಫ್ರಿ ನಿಲ್ಲಿಸಿ, ಬಗಲ ಬಾಗಿಲು ಕೂಡಿಸಿದ. ಫರಸಿಯನ್ನೂ ಪಂಡಿತರೇ ಎಲ್ಲಿಂದಲೋ ತರಿಸಿ ಹಾಸಿಸಿದರು. ಮಾಪಣ್ಣ ಒಳಗೆ ಹೋಗಿ ಮಲಗಿದ. ಹೊರಗೆ ಕಾಗದ ಹಿಡಿದ ಒಬ್ಬ ಬಂದು, ಇಣುಕಿ, ಏನೂ ಕಾಣದೆ ವಾಪಸು ಹೋದ. ಆಹಾ! ಮಾಪಣ್ಣನಿಗೆ ಹಾಡು ಬರುತ್ತಿದ್ದರೆ ಹಾಡುತ್ತಿದ್ದ. ಕಣ್ಣು ಮುಚ್ಚಿದ.

ಬಗಲ ಬಾಗಿಲಲ್ಲಿ ಬಳೆಗಳ ಸದ್ದಾಯಿತು.

"ಅಯ್ಯಯ್ಯ! ಒಳಗ ಗಂಡಸು ಮಲಗ್ಯದ!"

ಮಾಪಣ್ಣ ಧೋತರ ಹಿಡಿದುಕೊಂಡು ಬೀದಿಗೆ ಹಾರಿದ. ಅವನ ಹಿಂದೆಯೇ ಗಲ್ಲಿಯ ಅರ್ಧ ಹೆಂಗಸರು ಒಳಗೆ ಸೇರಿ, ಫರಸಿಯ ಮೇಲೆ ಕಾಲು ಚಾಚಿ ಕೂತರು. ಶಂಕ್ರಮ್ಮ ಹೊಸ್ತಿಲಲ್ಲಿ ನಿಂತು ಗಂಡನನ್ನು ತರಾಟೆಗೆ ತೆಗೆದುಕೊಂಡಳು.

"ಜಾಫ್ರಿ ಕಟ್ಟಿದ ಮ್ಯಾಲ ಅದು ಗೋಷಾ ಜಾಗ ಆಯ್ತು, ಹೆಂಗಸರದು. ಮರ್ಯಾದಿ ಇದ್ದ ಗಂಡಸು ಅಲ್ಲಿ ಕಾಲಿಡ್ತಾನೇನ್ರೀ? ಊರಾಗ ಕೂಸಿಗೂ ಗೊತ್ತದ. ಸರ್ಕಾರದ ಕಾಗದ ಓದೋರಿಗೆ ಗೊತ್ತಿಲ್ಲ!"

ಅದು ನಿಜ. ಗೋಷಾದ ಮನೆಗಳನ್ನು ಮಾಪಣ್ಣ ಜೀವಮಾನವಿಡೀ ನೋಡಿದ್ದ, ಕೆಮ್ಮಿ ದೂರ ಸರಿದಿದ್ದ. ತನ್ನ ಮನೆ ಮಾತ್ರ ಬೇರೆ ಎಂದುಕೊಂಡಿದ್ದ.

ಒಳಗಿನಿಂದ ಲಾಲ್ ಅಹ್ಮದನ ಹೆಂಡತಿ ಚಾಂದಬಿಯ ದನಿ ಕೇಳಿಸಿತು. "ಹಗಲೆಲ್ಲಾ ಮನ್ಯಾಗ ಬೇಯ್ತೀವಿ, ಒಂದ್ ಜಾಫ್ರಿ ಮಾಡಸ್ರಿ ಅಂತ ನಮ್ಮ ಮನಿಯವರ ತಲಿ ತಿಂದಿದ್ದೆ. ಖರ್ಚು ಆಗ್ತದ ಅಂತಿದ್ರು. ಕಡೀಕ ಮಾಡಸಿದ್ರು ನೋಡ್ರಿ!"

"ನಮ್ಮವರೂ ನಿನ್ನಿ ರಾತ್ರೀನ ಮಾತು ಕೊಟ್ಟಿದ್ರವ್ವ," ಎಂದಳು ಕಲ್ಯಾಣಪ್ಪನ ಹೆಂಡತಿ ಕಸ್ತೂರಿಬಾಯಿ. "ಬಗಲ ಬಾಗ್ಲ ಸುದ್ಧಾ ಮರೀಲಿಲ್ಲ."

ಮಾಪಣ್ಣ ಮೆಲ್ಲನೆ ತಿರುಗಿ ನೋಡಿದ. ಎದುರಿನ ಕಟ್ಟೆಯ ಮೇಲೆ ಪಂಡಿತರಿಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಸ್ವಲ್ಪವೂ ನಾಚದೆ, ನಡುವೆ ಅವನಿಗೊಂದು ಜಾಗ ಮಾಡಿಕೊಟ್ಟರು.

"ಕುಂದರ್ರಿ ಮಾಪಣ್ಣ," ಎಂದ ಕಲ್ಯಾಣಪ್ಪ. "ಸಂಜೀಕ ಒಳಗ ಬಿಸಿಲು ಹೊಡೀತದಂತ, ಈಗ ನಮ್ಮಾಕಿ ಹೇಳಿ ಕಳಿಸ್ಯಾಳ. ಮುಂದಿನ ಶುಕ್ರವಾರ ಜಾಫ್ರಿ ಮ್ಯಾಲ ಹೊರಗ ಚಾಚಿ ಒಂದು ತಗಡು ಹಾಕಸ್ರಿ."

"ತಗಡು?" ಲಾಲ್ ಅಹ್ಮದ್ ಕೆರಳಿದ. "ತಗಡು ಕಾಯ್ತದ್ರೀ! ಹಂಚು ಹಾಕಸಬೇಕು."

ಇಬ್ಬರೂ ಮಾಪಣ್ಣನ ತಲೆಯ ಮೇಲಿಂದಲೇ ಜಗಳಕ್ಕೆ ನಿಂತರು. ಅವನನ್ನು ಯಾರೂ ಕೇಳಲಿಲ್ಲ.