ಅರ್ಥಶಾಸ್ತ್ರ ವಿಭಾಗ ಸ್ವಾವಲಂಬಿಯಾದದ್ದು

ನಾರಿನ್ ಪಟ್ಟಣದ ನಮ್ಮ ಖಾಸಗಿ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ್ದು ಜ್ಞಾನಪ್ರಸಾರಕ್ಕಾಗಿ. ಅದರ ಸಭಾಂಗಣವನ್ನು ಮದುವೆಗಳಿಗೆ ಬಾಡಿಗೆ ಕೊಡತೊಡಗಿದ್ದು ಛಾವಣಿಯ ರಿಪೇರಿಗಾಗಿ. ರಿಪೇರಿ ಇನ್ನೂ ಮುಗಿದಿಲ್ಲ. ಸಂಸ್ಥೆಯ ಚರಿತ್ರೆ ಬರೆಯಲು ನೇಮಕಗೊಂಡವನಾಗಿ ಇಷ್ಟನ್ನು ಮೊದಲೇ ದಾಖಲಿಸುತ್ತೇನೆ.

ಕಾಲಕ್ರಮೇಣ ತತ್ತ್ವಶಾಸ್ತ್ರದ ಕೊಠಡಿ ಅಡುಗೆಮನೆಯಾಯಿತು. ಕಾನೂನು ವಿಭಾಗದಲ್ಲಿ ತಟ್ಟೆ ತೊಳೆಯುತ್ತಾರೆ. ಅರ್ಥಶಾಸ್ತ್ರ ವಿಭಾಗ ಮಾತ್ರ ಉಳಿದುಕೊಂಡಿತ್ತು, ಏಕೆಂದರೆ ಅದರ ಮುಖ್ಯಸ್ಥೆ ಬುರುಲ್ಚಾ ಬೀಗದಕೈಯನ್ನು ಕೊರಳಿಗೇ ಕಟ್ಟಿಕೊಂಡಿದ್ದರು.

ಅವರ ಶಿಷ್ಯೆ ಕುಂದುಜ್ ಹಳ್ಳಿ ಹಳ್ಳಿ ತಿರುಗಿ ಒಂದು ಪ್ರಬಂಧ ಬರೆದಳು. ವಿಷಯ: 'ಔತಣದ ದುಂದುವೆಚ್ಚದಿಂದ ಕುಟುಂಬಗಳು ದಿವಾಳಿಯಾಗುವ ಬಗೆ'. ಮಂಡಿಸಿದರೆ ಪದವಿ, ಪದವಿ ಬಂದರೆ ಕೆಲಸ. ಆದರೆ ನಿಯಮದ ಪ್ರಕಾರ ಪ್ರಬಂಧವನ್ನು ಸಭಾಂಗಣದಲ್ಲೇ ಮಂಡಿಸಬೇಕು.

"ಸಭಾಂಗಣ ಯಾವತ್ತು ಖಾಲಿ ಇರುತ್ತೆ ಸಾರ್?" ಎಂದು ಕುಲಪತಿ ತೊಕ್ತೊಸುನ್ ಅವರನ್ನು ಕೇಳಿದಳು.

"ಖಾಲಿನಾ? ದುಡ್ಡು ಕೊಡೋರಿಗೇ ಸಿಗ್ತಿಲ್ಲ ಕಣಮ್ಮ. ನೀನೂ ಒಂದು ಔತಣ ಇಟ್ಕೊ, ಮಧ್ಯದಲ್ಲಿ ಪ್ರಬಂಧ ಓದು."

"ಔತಣ ಬೇಡ ಅಂತಲೇ ಸಾರ್ ನಾನು ಬರ್ದಿರೋದು!"

"ಹಾಗಂತಲೇ ಓದು, ಯಾರು ಬೇಡ ಅಂದ್ರು? ಊಟ ಚೆನ್ನಾಗಿದ್ರೆ ಒಬ್ರೂ ತಕರಾರು ತೆಗೆಯಲ್ಲ."

ಅಂದೇ ಸುತ್ತೋಲೆ ಹೊರಟಿತು: 'ಪ್ರಬಂಧ ಮಂಡಿಸುವವರು ಇನ್ನೂರಕ್ಕೆ ಕಡಿಮೆಯಿಲ್ಲದಷ್ಟು ಅತಿಥಿಗಳಿಗೆ ಔತಣ ಏರ್ಪಡಿಸತಕ್ಕದ್ದು. ಕುದುರೆ ಮಾಂಸ ಬಡಿಸಿದಲ್ಲಿ ಪ್ರಥಮ ದರ್ಜೆ, ಕುರಿಯಾದಲ್ಲಿ ದ್ವಿತೀಯ.'

ಕುಂದುಜಳ ಅಪ್ಪ ಅಸಿಲ್ಬೆಕ್‌ಗೆ ಇದ್ದದ್ದು ಒಂದೇ ಹೆಣ್ಣು ಕುದುರೆ. ಅದರ ಹಾಲು ಹುಳಿ ಬರಿಸಿ ಮಾರಿಯೇ ಮಗಳನ್ನು ಓದಿಸಿದ್ದ.

"ಬೇಡಪ್ಪಾ. ಪದವಿ ಹಾಳಾಗಿ ಹೋಗ್ಲಿ," ಎಂದು ಕುಂದುಜ್ ಅತ್ತಳು.

"ಸುಮ್ನಿರೇ. ಕುರಿ ಕಡಿದ್ರೆ ದ್ವಿತೀಯ ದರ್ಜೆ ಅಪ್ಪ ಅಂತಾರೆ. ಊರ ಬಾಯಿಗೆ ಮುಚ್ಚಳ ಇದೆಯಾ?"

ಮಂಡನೆ ವಿಜೃಂಭಣೆಯಿಂದ ನೆರವೇರಿತು. ಮರ್ಯಾದೆಗೆ ಅಂಜಿ ಜನ ಕೊಟ್ಟಿಗೆಯ ಕೊನೆಯ ಪ್ರಾಣಿಯನ್ನೂ ಕಡಿಯುತ್ತಾರೆಂದು ಕುಂದುಜ್ ಓದಿದಾಗ ಮುದುಕಿಯರು ಕಣ್ಣೊರೆಸಿಕೊಂಡರು. "ಎಷ್ಟು ಸತ್ಯ ಹೇಳ್ತಾಳಪ್ಪಾ ಮಗು!" ಎಂದು ಇನ್ನೊಂದು ಬಟ್ಟಲು ಸಾರು ಹಾಕಿಸಿಕೊಂಡರು. ಹಿರಿಯ ಅತಿಥಿಗೆ ಮರ್ಯಾದೆಯೆಂದು ಬಡಿಸುವ, ಮಾಂಸ ತುಂಬಿದ ಮೂಳೆ ಬುರುಲ್ಚಾ ಅವರ ಮುಂದೆ ಬಂತು.

"ಅಕ್ಕೋರೇ, ನೀವಾದ್ರೂ ತಿನ್ಬೇಡಿ," ಎಂದಳು ಕುಂದುಜ್ ಮೆಲ್ಲಗೆ.

"ಬಿಟ್ರೆ ನಿಮ್ಮಪ್ಪನಿಗೇ ಅವಮಾನ ಕಣೇ," ಎಂದು ಅವರು ಚಾಕು ಕೈಗೆತ್ತಿಕೊಂಡರು. ನನಗೂ ಕರುಳು ಚುರುಕ್ಕೆಂದಿತು. ಆದರೆ ಮಾಂಸ ಮೆತ್ತಗೆ ಬೆಂದಿತ್ತು.

ಬಾಯಿ ತುಂಬಿದ್ದುದರಿಂದ ಪರೀಕ್ಷಕರು ಪ್ರಶ್ನೆ ಕೇಳಲಿಲ್ಲ. ಕೈ ಒರೆಸಿಕೊಂಡ ಮೇಲೆ ಒಬ್ಬರು, "ಇತ್ತೀಚಿನ ನಿದರ್ಶನ ಒಂದು ಬೇಕಿತ್ತು," ಎಂದರು. ಕುಂದುಜ್ ಅಲ್ಲೇ ಕೂತು ಅಪ್ಪನ ಹೆಸರು ಸೇರಿಸಿದಳು. ಹಿರಿಯರು ಅಂಗೈ ಬಿಡಿಸಿ ಹರಸಿದರು. ಅದನ್ನೇ ಫಲಿತಾಂಶವೆಂದು ಘೋಷಿಸಲಾಯಿತು.

ಅರ್ಥಶಾಸ್ತ್ರ ವಿಭಾಗವು ಈಗ ಔತಣಗಳ ಬಾಡಿಗೆಯಿಂದ ಸ್ವಾವಲಂಬಿ. ಬುರುಲ್ಚಾ ಬೀಗದಕೈಯನ್ನು ತಾವಾಗಿಯೇ ಅಡುಗೆಯವರಿಗೆ ಒಪ್ಪಿಸಿದ್ದಾರೆ. ಕುಂದುಜಳ ಪ್ರಬಂಧಕ್ಕೆ, ವಿಶೇಷವಾಗಿ ಆ ಕೊನೆಯ ನಿದರ್ಶನಕ್ಕೆ, ಚಿನ್ನದ ಪದಕ ಬಂದಿದೆ. ಪದಕ ಪ್ರದಾನವೂ ಸಭಾಂಗಣದಲ್ಲೇ ಆಗಬೇಕು. ಅಸಿಲ್ಬೆಕ್ ಮನೆ ಮಾರಲು ಗಿರಾಕಿ ಹುಡುಕುತ್ತಿದ್ದಾನೆ. ಕುಂದುಜ್ ಈ ಸಲ ಬೇಡವೆನ್ನಲಿಲ್ಲ. ಇನ್ನೂರು ಕುರ್ಚಿ ಸಾಕೇ ಎಂದು ನಿನ್ನೆ ನನ್ನನ್ನು ಕೇಳಿದಳು.